ಗೋಡೆಯ ಮೇಲಿನ ಹಿರಿಯರು

ತೀರಿಕೊಂಡವರ ಫೋಟೊವನ್ನು ಮನೆಯಲ್ಲಿ ಎಲ್ಲಿ ಹಾಕಬೇಕು ಎಂಬುದು ಮೇಲ್ನೋಟಕ್ಕೆ ಅಲಂಕಾರದ ಪ್ರಶ್ನೆ. ಆದರೆ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಅದನ್ನು ತೀರ್ಮಾನಿಸುವುದು ಗೋಡೆಯ ಬಣ್ಣವೂ ಅಲ್ಲ, ಚೌಕಟ್ಟಿನ ಅಳತೆಯೂ ಅಲ್ಲ. ದೇವರ ಮನೆಯೊಳಗೆ ಅಪ್ಪನ ಫೋಟೊ ಇಡಬಹುದೇ? ಬದುಕಿರುವವರ ಸಾಲಿನಲ್ಲಿ ತೀರಿಕೊಂಡವರನ್ನು ಸೇರಿಸಬಹುದೇ? ಫೋಟೊಗೆ ಕೈಮುಗಿದರೆ ಅದು ಯಾರಿಗೆ ಸಲ್ಲುತ್ತದೆ? ಮೊಳೆ ಹೊಡೆಯುವ ಮುಂಚೆ ಮನೆಯವರು ಇವನ್ನೆಲ್ಲ ಕೇಳಿಕೊಳ್ಳುತ್ತಾರೆ. ದೇವರು, ಪಿತೃ, ಜೀವಂತ ಮನುಷ್ಯ ಎಂಬ ಮೂರು ನೆಲೆಗಳ ನಡುವಿನ ಗೆರೆ ಯಾವುದು ಎಂಬ ಹಳೆಯ ವಿಚಾರವೇ ಈ ಪ್ರಶ್ನೆಗಳ ಹಿಂದಿದೆ.

ಈ ಗೆರೆಯನ್ನು ಭಾಸನ ‘ಪ್ರತಿಮಾ ನಾಟಕ’ ನೇರವಾಗಿ ರಂಗದ ಮೇಲೆ ತರುತ್ತದೆ. ಸೋದರಮಾವನ ಊರಿನಿಂದ ಮರಳುವ ಭರತ ಅಯೋಧ್ಯೆಯ ಹೊರಗೆ ಒಂದು ಪ್ರತಿಮಾಗೃಹವನ್ನು ಹೊಗುತ್ತಾನೆ. ಅಲ್ಲಿನ ಮೂರ್ತಿಗಳನ್ನು ದೇವರೆಂದು ಬಗೆದು ನಮಸ್ಕರಿಸಲು ಹೊರಟಾಗ ಅರ್ಚಕ ತಡೆಯುತ್ತಾನೆ. ಇವರು ದೇವರಲ್ಲ, ಇಕ್ಷ್ವಾಕು ವಂಶದ ಅರಸರು ಎಂದು ತಿಳಿಸುತ್ತಾನೆ. ಸಾಲಿನಲ್ಲಿ ದಶರಥನೂ ಇರುವುದನ್ನು ಕಂಡು, ಬದುಕಿರುವವರ ಪ್ರತಿಮೆಯನ್ನೂ ಇಲ್ಲಿ ಇಡುತ್ತಾರೆಯೇ ಎಂದು ಭರತ ಕೇಳುತ್ತಾನೆ. ಇಲ್ಲ, ತೀರಿಕೊಂಡವರದು ಮಾತ್ರ ಎಂಬ ಉತ್ತರದಿಂದಲೇ ಅವನಿಗೆ ತಂದೆಯ ಸಾವು ತಿಳಿಯುತ್ತದೆ. ಹಿರಿಯರ ರೂಪ ದೇವರ ರೂಪದಿಂದ ಬೇರೆ, ಬದುಕಿರುವವರು ಆ ಸಾಲಿಗೆ ಸೇರುವುದಿಲ್ಲ ಎಂಬ ಎರಡು ನಿಯಮಗಳೂ ಈ ಒಂದೇ ದೃಶ್ಯದಲ್ಲಿವೆ. ಇಂದು ಬದುಕಿರುವವರ ಫೋಟೊಗೆ ಹಾರ ಹಾಕಿದರೆ ಮನೆಯವರು ಗಾಬರಿಯಾಗುವುದು ಎರಡನೆಯ ನಿಯಮದಿಂದಲೇ.

ಕರ್ನಾಟಕದ ವೀರಗಲ್ಲುಗಳೂ ಸತ್ತವರನ್ನು ಚಿತ್ರಿಸುತ್ತವೆ. ಸಾಮಾನ್ಯವಾಗಿ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತದೆ. ಇಲ್ಲಿ ಮುಖ್ಯವಾದದ್ದು ಮುಖದ ಹೋಲಿಕೆಯಲ್ಲ, ಅವನು ಮಾಡಿದ ಕೆಲಸ ಮತ್ತು ಸೇರಿದ ಲೋಕ. ಈ ಕಲ್ಲುಗಳ ಜಾಗವೂ ಮನೆಯ ಹೊರಗೆ: ಗುಡಿಯ ಅಂಗಳ, ಕೆರೆಯ ದಂಡೆ, ಊರಬಾಗಿಲು. ಸತ್ತವರ ನಿಜಮುಖವನ್ನು ಸಾಮಾನ್ಯರ ನಡುಮನೆಯೊಳಕ್ಕೆ ತಂದದ್ದು ಫೋಟೊ. 1894ರಲ್ಲಿ ಮುಂಬಯಿಯ ಬಳಿ ರವಿವರ್ಮ ಅಚ್ಚುಕೂಟ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಅಚ್ಚುಚಿತ್ರಗಳು ಗಾಜು ಹಾಕಿದ ಚೌಕಟ್ಟಿನಲ್ಲಿ ಮನೆಮನೆಗೂ ಬಂದವು. ಅಜ್ಜ ಅಜ್ಜಿಯರ ಫೋಟೊಗಳಿಗೂ ಅದೇ ಬಗೆಯ ಚೌಕಟ್ಟು, ಅದೇ ಕುಂಕುಮ, ಅದೇ ಹೂವು ಒದಗಿದವು. ದೇವರೂ ಹಿರಿಯರೂ ನೋಡಲು ಒಂದೇ ಬಗೆಯ ವಸ್ತುಗಳಾದಾಗ ಗೆರೆಯನ್ನು ಕಾಯುವ ಹೊಣೆ ಜಾಗದ ಮೇಲೆ ಬಿತ್ತು. ದೇವರಿಗೆ ಪೂರ್ವ ಅಥವಾ ಈಶಾನ್ಯ, ಹಿರಿಯರಿಗೆ ದಕ್ಷಿಣದ ಗೋಡೆ ಎಂಬ ರೂಢಿಗೆ ಆಧಾರ ದಕ್ಷಿಣವು ಯಮನ ಮತ್ತು ಪಿತೃಗಳ ದಿಕ್ಕು ಎಂಬ ನಂಬಿಕೆ.

ಶ್ರಾದ್ಧಕರ್ಮಕ್ಕೆ ಮಾತ್ರ ಮುಖ ಬೇಕಾಗಿಲ್ಲ. ಅಲ್ಲಿ ಪಿತೃಗಳನ್ನು ಕರೆಯುವುದು ಹೆಸರು, ಗೋತ್ರಗಳಿಂದ. ಅವರ ಸ್ಥಾನದಲ್ಲಿ ಕೂರುವವರು ನಿಮಂತ್ರಿತ ಬ್ರಾಹ್ಮಣರು, ಇಲ್ಲವೇ ದರ್ಭೆಯ ಕೂರ್ಚ. ತಂದೆ ವಸುರೂಪ, ತಾತ ರುದ್ರರೂಪ, ಮುತ್ತಾತ ಆದಿತ್ಯರೂಪ. ಸಂಕಲ್ಪದಲ್ಲಿ ಉಚ್ಚರಿಸುವ ರೂಪ ಅವರು ಬದುಕಿದ್ದಾಗಿನ ರೂಪವಲ್ಲ, ದೇವಗಣದ್ದು. ಸಪಿಂಡೀಕರಣದಲ್ಲಿ ಹೊಸದಾಗಿ ತೀರಿಕೊಂಡವನ ಪಿಂಡವನ್ನು ಮೂರು ಭಾಗ ಮಾಡಿ ಹಿಂದಿನ ಮೂವರ ಪಿಂಡಗಳೊಂದಿಗೆ ಬೆರೆಸುತ್ತಾರೆ. ಆಗ ಅವನು ಪ್ರೇತತ್ವ ಕಳೆದು ಪಿತೃವಾಗುತ್ತಾನೆ, ಸಾಲಿನ ಕೊನೆಯಲ್ಲಿದ್ದವನು ಪಿಂಡದ ಹಕ್ಕಿನಿಂದ ಹಿಂದೆ ಸರಿಯುತ್ತಾನೆ. ಹಾಗೆ ಸರಿದವರಿಗೆ ಉಳಿಯುವುದು ಪಿಂಡ ಹಿಡಿದ ಕೈಯನ್ನು ದರ್ಭೆಗೆ ಒರೆಸಿದಾಗ ಸಿಗುವ ಲೇಪ ಮಾತ್ರ. ತೀರಿಕೊಂಡವನು ಒಂದೇ ಕಡೆ ನಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಸಾಗಬೇಕು ಎಂಬುದು ಈ ವಿಧಿಯ ಆಶಯ. ಫೋಟೊ ಅದಕ್ಕೆ ತದ್ವಿರುದ್ಧ. ಅದು ಒಂದು ವಯಸ್ಸನ್ನು, ಒಂದು ಅಂಗಿಯನ್ನು, ಒಂದು ನೋಟವನ್ನು ಹಿಡಿದು ನಿಲ್ಲಿಸುತ್ತದೆ.

ಹಳೆ ಮೈಸೂರು ಭಾಗದ ಹಲವು ಮನೆತನಗಳಲ್ಲಿ ಮಹಾಲಯದ ಹೊತ್ತಿಗೆ ನಡೆಯುವ ಹಿರಿಯರ ಹಬ್ಬ ಈ ಎರಡನ್ನೂ ಒಂದೆಡೆ ಸೇರಿಸುತ್ತದೆ. ಗೋಡೆಯಿಂದ ಫೋಟೊ ಇಳಿಸಿ, ಗಾಜು ಒರೆಸಿ, ಮಣೆಯ ಮೇಲೆ ಕಳಶದ ಪಕ್ಕ ಇಡುತ್ತಾರೆ. ಹೊಸ ಪಂಚೆ, ಸೀರೆಗಳನ್ನು ಮಡಿಕೆ ಬಿಚ್ಚದೆ ಜೋಡಿಸುತ್ತಾರೆ. ಬಾಳೆ ಎಲೆಯ ತುಂಬ ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆ ಬೀಳುತ್ತದೆ: ಒಂದು ಮನೆಯಲ್ಲಿ ಒಬ್ಬಟ್ಟು, ಇನ್ನೊಂದರಲ್ಲಿ ಬಾಡಿನ ಸಾರು. ಎಲೆಅಡಿಕೆಯ ಜೊತೆಗೆ ಬೀಡಿ ಕಟ್ಟು ಇಡುವವರೂ ಇದ್ದಾರೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಆಮೇಲೆ ಎಡೆ ಎತ್ತಿ ಊಟ. ಮರುದಿನ ಫೋಟೊ ಮತ್ತೆ ಗೋಡೆಗೆ ಏರುತ್ತದೆ. ವರ್ಷವಿಡೀ ನೆನಪಿನ ವಸ್ತುವಾಗಿದ್ದ ಫೋಟೊ ಆ ಒಂದು ದಿನ ಮಾತ್ರ ಆವಾಹನೆಯ ನೆಲೆಯಾಗುತ್ತದೆ. ಪೂಜ್ಯತೆ ಬರುವುದು ಕ್ರಿಯೆಯಿಂದ, ಕಾಗದದಿಂದಲ್ಲ ಎಂಬುದನ್ನು ಈ ಆಚರಣೆ ತಾನಾಗಿಯೇ ಒಪ್ಪಿಕೊಂಡಿದೆ.

ವೇದಾಂತದಲ್ಲಿ ಇದಕ್ಕೆ ಹತ್ತಿರದ ವಿಚಾರ ಪ್ರತೀಕೋಪಾಸನೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪ್ರತೀಕವನ್ನು ಉಪಾಸಕನು ತನ್ನ ಆತ್ಮವೆಂದು ಭಾವಿಸಬಾರದು, ಅದರಲ್ಲಿ ಬ್ರಹ್ಮದೃಷ್ಟಿ ಇಡಬೇಕು ಎಂಬ ವಿಚಾರ ಬರುತ್ತದೆ. ಶಂಕರರ ಭಾಷ್ಯದ ಪ್ರಕಾರ ಕೆಳಗಿನದರಲ್ಲಿ ಮೇಲಿನದನ್ನು ಕಾಣಬಹುದು, ಮೇಲಿನದನ್ನು ಕೆಳಗಿನದಕ್ಕೆ ಇಳಿಸಬಾರದು. ಸಾರಥಿಯನ್ನು ರಾಜನಂತೆ ಗೌರವಿಸಿದರೆ ದೋಷವಿಲ್ಲ, ರಾಜನನ್ನು ಸಾರಥಿಯಂತೆ ಕಂಡರೆ ಅಪಚಾರ. ಈ ಅಳತೆಯಲ್ಲಿ ತಾಯಿಯ ಫೋಟೊದಲ್ಲಿ ದೈವವನ್ನು ಕಾಣುವುದಕ್ಕೆ ಅಡ್ಡಿಯಿಲ್ಲ. ದೇವರ ಪೀಠದಲ್ಲಿ ಫೋಟೊ ಇಟ್ಟು ದೇವರನ್ನೂ ಕುಟುಂಬದ ಒಬ್ಬ ಸದಸ್ಯನ ಮಟ್ಟಕ್ಕೆ ತಂದುಕೊಳ್ಳುವುದು ಮಾತ್ರ ಸಲ್ಲದು. ದೇವರ ಮನೆಯ ಹೊರಗೋಡೆಗೆ ಹಿರಿಯರ ಫೋಟೊ ಹಾಕುವ ರೂಢಿ ಈ ತರ್ಕಕ್ಕೆ ಹೊಂದುತ್ತದೆ.

ಉಳಿದ ಮತಗಳು ಇದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಬಿಡಿಸಿವೆ. ಲಿಂಗಾಯತ ತತ್ತ್ವದಲ್ಲಿ ಪೂಜೆಗೆ ಇಷ್ಟಲಿಂಗವೇ ಸಾಕು. ಲಿಂಗೈಕ್ಯರಾದವರು ಪ್ರೇತವಾಗಿ ಅಲೆಯುವುದಿಲ್ಲವಾದ್ದರಿಂದ ಅವರಿಗೆ ಪಿಂಡವೂ ಬೇಕಿಲ್ಲ, ಫೋಟೊ ಅಲ್ಲಿ ಸ್ಮರಣೆಗಷ್ಟೇ. ಜೈನರ ದೃಷ್ಟಿಯಲ್ಲಿ ಮುಕ್ತನಾದ ತೀರ್ಥಂಕರನು ಬಿಂಬದೊಳಕ್ಕೆ ಇಳಿದು ಬರುವುದಿಲ್ಲ, ಬಿಂಬ ಭಕ್ತನ ಮನಸ್ಸಿನ ಶುದ್ಧಿಗಾಗಿ ಇರುವಂಥದ್ದು. ಕ್ರೈಸ್ತರಲ್ಲಿ 787ರ ಎರಡನೆಯ ನೈಸಿಯಾ ಮಹಾಸಭೆ, ಸಂತರ ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರಿತ ವ್ಯಕ್ತಿಗೆ ಮುಟ್ಟುತ್ತದೆ, ಆರಾಧನೆ ಮಾತ್ರ ದೇವರೊಬ್ಬನಿಗೆ ಎಂದು ತೀರ್ಮಾನಿಸಿತು. ಇಸ್ಲಾಮಿನ ಹದೀಸ್ ಪರಂಪರೆ ಜೀವಿಗಳ ಚಿತ್ರವಿರುವ ಮನೆಯನ್ನು ಮೆಚ್ಚುವುದಿಲ್ಲ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್, ಫೋಟೊ ಎಂದರೆ ಹೊಸ ಸೃಷ್ಟಿಯಲ್ಲ, ನೆರಳನ್ನು ಹಿಡಿದಿಡುವುದು ಎಂದು ವಾದಿಸಿ ಅದಕ್ಕೆ ಅವಕಾಶ ಕೊಟ್ಟರು. ಭಾರತದ ಹಲವು ಉಲಮಾಗಳು ಇದನ್ನು ಒಪ್ಪಲಿಲ್ಲ. ನಮಾಜು ಮಾಡುವ ಕೋಣೆಯಲ್ಲಿ ಫೋಟೊ ಹಾಕದಿರುವ ಪದ್ಧತಿ ಅನೇಕ ಮನೆಗಳಲ್ಲಿದೆ.

ಸ್ಮರಣೆಗಾಗಿ ಎಂದು ಒಪ್ಪಿದರೂ ಸ್ಮರಣೆ ಯಾರದು ಎಂಬುದು ಉಳಿಯುತ್ತದೆ. ನ್ಯಾಯದರ್ಶನದಲ್ಲಿ ಸ್ಮೃತಿ ಎಂದರೆ ಹಿಂದಿನ ಅನುಭವ ಉಳಿಸಿದ ಸಂಸ್ಕಾರ ಎಚ್ಚರಗೊಳ್ಳುವುದು. ಅದನ್ನು ಎಚ್ಚರಿಸುವ ಕಾರಣಗಳ ಪಟ್ಟಿಯಲ್ಲಿ ಗೌತಮರು ಸಾದೃಶ್ಯವನ್ನೂ ಸೇರಿಸಿದ್ದಾರೆ. ಅಜ್ಜಿಯ ಕೈತುತ್ತು ತಿಂದ ಮಗಳಿಗೆ ಆಕೆಯ ಫೋಟೊ ಹೀಗೆ ಕೆಲಸ ಮಾಡುತ್ತದೆ. ಅಜ್ಜಿಯನ್ನು ಕಂಡೇ ಇರದ ಮರಿಮಗನಲ್ಲಿ ಎಚ್ಚರಗೊಳ್ಳಬೇಕಾದ ಸಂಸ್ಕಾರವೇ ಇಲ್ಲ. ಅವನಿಗೆ ಆ ಫೋಟೊ ಸ್ಮೃತಿಯಲ್ಲ. ದೊಡ್ಡವರು ಹೇಳಿದ ಮಾತಿನಿಂದ, ಅಂದರೆ ಶಬ್ದಪ್ರಮಾಣದಿಂದ, ಅರ್ಥ ಪಡೆಯುವ ಚಿತ್ರ. ಹೇಳುವವರೂ ಹೋದ ಮೇಲೆ ಅದು ಹೆಸರಿಲ್ಲದ ಮುಖ. ಶ್ರಾದ್ಧದ ಮೂರು ತಲೆಮಾರಿನ ಮಿತಿಯೂ ಕಂಡು ಬಲ್ಲವರ ನೆನಪು ತಲುಪುವ ದೂರವೂ ಹೆಚ್ಚುಕಡಿಮೆ ಒಂದೇ.

ಇತ್ತೀಚಿನ ಮನೆಗಳಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಮದುವೆ, ನಾಮಕರಣ, ಪ್ರವಾಸದ ಫೋಟೊಗಳನ್ನು ಒಟ್ಟಾಗಿ ಜೋಡಿಸುವುದು ರೂಢಿಯಾಗುತ್ತಿದೆ. ಡಿಜಿಟಲ್ ಚೌಕಟ್ಟಿನಲ್ಲಿ ಅಜ್ಜ, ಮೊಮ್ಮಗಳ ಹುಟ್ಟುಹಬ್ಬ, ತಿರುಪತಿಯ ಗೋಪುರ ಸರದಿಯಲ್ಲಿ ಬಂದು ಹೋಗುತ್ತವೆ. ಅಜ್ಜ ತನ್ನ ಯೌವನದ ಮದುವೆ ಗುಂಪಿನಲ್ಲಿ ನಗುತ್ತಿದ್ದರೆ ಅದು ಬದುಕಿನ ಚಿತ್ರ, ಅದಕ್ಕೆ ದಿಕ್ಕಿನ ಕಟ್ಟು ಬೇಕಿಲ್ಲ. ಹಾರ, ಕುಂಕುಮ, ದೀಪ ಸಲ್ಲುವ ಒಂಟಿ ಭಾವಚಿತ್ರ ಪಿತೃಸ್ಥಾನದ್ದು, ಅದಕ್ಕೆ ಬೇರೆ ಗೋಡೆ ಇರುವುದು ಲೇಸು. ಒಬ್ಬನೇ ವ್ಯಕ್ತಿ ಹೀಗೆ ಮನೆಯ ಎರಡು ಕಡೆ ಎರಡು ನೆಲೆಯಲ್ಲಿ ಇರಬಹುದು. ತಲೆಮಾರು ಕಳೆದಂತೆ ಹಳೆಯ ಭಾವಚಿತ್ರವನ್ನು ನಡುಮನೆಯಿಂದ ಆಲ್ಬಮ್ಮಿಗೆ ಸರಿಸುವುದನ್ನು ಕೆಲವರು ಅಗೌರವವೆಂದು ಅಳುಕುತ್ತಾರೆ. ಸಪಿಂಡೀಕರಣದ ಕ್ರಮವನ್ನು ನೋಡಿದರೆ ಆ ಅಳುಕಿಗೆ ಆಧಾರವಿಲ್ಲ. ಅಲ್ಲಿ ಹೊಸಬರು ಸಾಲಿಗೆ ಸೇರುವುದೂ ಹಳಬರು ಸರಿಯುವುದೂ ಒಂದೇ ಕರ್ಮದ ಎರಡು ಭಾಗಗಳು. ಸರಿಸುವ ಮುನ್ನ ಫೋಟೊದ ಹಿಂಬದಿಯಲ್ಲಿ ಹೆಸರು, ಊರು, ಸಂಬಂಧ ಬರೆದಿಟ್ಟರೆ ಮುಂದಿನವರ ಪಾಲಿಗೆ ಆ ಮುಖಕ್ಕೆ ಒಂದು ಶಬ್ದಪ್ರಮಾಣವಾದರೂ ಉಳಿಯುತ್ತದೆ.