ದೇಹವೆಂಬ ರಥಕ್ಕೂ ಆರೈಕೆ ಬೇಕು



ಅರ್ಚಕರು ನಮ್ಮ ಗೋತ್ರ, ನಕ್ಷತ್ರ, ಹೆಸರುಗಳನ್ನು ಹೇಳಿ ಸಂಕಲ್ಪ ಮಾಡಿಸುವಾಗ ಒಂದು ವಿಷಯವನ್ನು ಗಮನಿಸಿದ್ದೀರಾ? ಐಶ್ವರ್ಯವನ್ನು ಬೇಡುವುದಕ್ಕೆ ಮೊದಲೇ ಆಯುಸ್ಸು, ಆರೋಗ್ಯಗಳನ್ನು ಬೇಡುತ್ತಾರೆ. ನಮ್ಮ ಹಿರಿಯರು ಈ ಕ್ರಮವನ್ನು ಸುಮ್ಮನೆ ಇಟ್ಟಿಲ್ಲ. ಆರೋಗ್ಯವಿಲ್ಲದವನಿಗೆ ಐಶ್ವರ್ಯ ಬಂದರೂ ಅದು ಔಷಧಿಯ ಅಂಗಡಿಗೆ ಹೋಗುತ್ತದೆ. ಆದರೆ ಬೇಡಿ ಪಡೆದ ವರವನ್ನು ಕಾಪಾಡಿಕೊಳ್ಳುವ ಹೊಣೆ ದೇವರದಲ್ಲ, ನಮ್ಮದು.

ಕಠೋಪನಿಷತ್ತಿನಲ್ಲಿ ಯಮಧರ್ಮನು ಬಾಲಕ ನಚಿಕೇತನಿಗೆ ಒಂದು ಸುಂದರವಾದ ಉಪಮೆ ಕೊಡುತ್ತಾನೆ. ದೇಹವೇ ರಥ, ಅದರಲ್ಲಿ ಕುಳಿತವನು ಆತ್ಮ, ಬುದ್ಧಿಯೇ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳೇ ಕುದುರೆಗಳು. ಈ ಉಪಮೆಯನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ಇಂದ್ರಿಯ ನಿಗ್ರಹದ ಪಾಠವನ್ನು ಕಲಿಯುತ್ತೇವೆ. ಅದು ಸರಿಯೇ. ಆದರೆ ರಥವು ಗುರಿ ಮುಟ್ಟಬೇಕಾದರೆ ಮೊದಲು ರಥ ಗಟ್ಟಿಯಾಗಿರಬೇಕು, ಕುದುರೆಗಳಿಗೆ ಕಸುವಿರಬೇಕು ಎಂಬುದೂ ಆ ಮಾತಿನೊಳಗೇ ಇದೆ.

ಪರದೇಶದಲ್ಲಿರುವ ನಮಗೆ ಈ ಪಾಠ ಇನ್ನೂ ಹೆಚ್ಚು ಅಗತ್ಯ. ನಲವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಕಾಣಿಸಿಕೊಂಡ ಮನೆಗಳು ನಮ್ಮ ಪರಿಚಯದಲ್ಲೇ ಇವೆ. ದಕ್ಷಿಣ ಏಷ್ಯಾ ಮೂಲದವರಾಗಿರುವುದೇ ಹೃದ್ರೋಗದ ಅಪಾಯವನ್ನು ಹೆಚ್ಚಿಸುವ ಒಂದು ಅಂಶವೆಂದು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳ 2018ರ ಮಾರ್ಗಸೂಚಿ ಹೇಳಿದೆ. ಏಷ್ಯಾ ಮೂಲದವರು ಬಿಎಂಐ 23 ತಲುಪಿದಾಗಲೇ ಮಧುಮೇಹದ ಪರೀಕ್ಷೆಯ ಬಗ್ಗೆ ಯೋಚಿಸಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ತಿಳಿಸಿತು. ಐದು ಅಡಿ ಆರು ಅಂಗುಲ ಎತ್ತರದವರಿಗೆ ಇದು ಸುಮಾರು 142 ಪೌಂಡ್. ಅಂದರೆ ನೋಡಲು ತೆಳ್ಳಗಿದ್ದೇವೆ ಎಂಬ ಸಮಾಧಾನ ನಮಗೆ ಸಾಲದು.

ಆಹಾರ

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಹರ್ಷಿಯು ಮಗ ಶ್ವೇತಕೇತುವಿಗೆ ಹದಿನೈದು ದಿನ ಏನನ್ನೂ ತಿನ್ನಬೇಡ, ನೀರು ಮಾತ್ರ ಕುಡಿ ಎನ್ನುತ್ತಾನೆ. ಆಮೇಲೆ ಋಕ್ಕು, ಯಜಸ್ಸು, ಸಾಮಗಳನ್ನು ಹೇಳು ಎಂದರೆ, ವೇದವನ್ನೆಲ್ಲ ಕಲಿತು ಬಂದಿದ್ದ ಆ ಮಗನಿಗೆ ಒಂದೂ ನೆನಪಿಗೆ ಬರುವುದಿಲ್ಲ. ಊಟ ಮಾಡಿ ಬಂದ ಮೇಲೆ ಎಲ್ಲವೂ ಹೊಳೆಯುತ್ತದೆ. ಮಿಂಚುಹುಳುವಿನಷ್ಟು ಉಳಿದ ಕೆಂಡಕ್ಕೆ ಹುಲ್ಲು ಹಾಕಿದರೆ ಮತ್ತೆ ಉರಿಯುವಂತೆ, ಅನ್ನದಿಂದಲೇ ಮನಸ್ಸು ಬೆಳಗುತ್ತದೆ ಎಂದು ತಂದೆ ತಿಳಿಸಿಕೊಡುತ್ತಾನೆ. ಆದ್ದರಿಂದ ಊಟವನ್ನು ಕೀಳಾಗಿ ಕಾಣುವುದು ನಮ್ಮ ಧರ್ಮವಲ್ಲ. ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ.

ನಮ್ಮ ಊಟದ ತಟ್ಟೆಯನ್ನೇ ನೋಡೋಣ. ಅರ್ಧಕ್ಕಿಂತ ಹೆಚ್ಚು ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ, ಹಪ್ಪಳ. 150 ಪೌಂಡ್ ತೂಕದ ಆರೋಗ್ಯವಂತರಿಗೆ ದಿನಕ್ಕೆ ಕಡಿಮೆಯೆಂದರೂ ಸುಮಾರು 54 ಗ್ರಾಂ ಪ್ರೋಟೀನ್ ಬೇಕು. ಒಂದು ಕಪ್ ಅನ್ನದಲ್ಲಿ ಇರುವುದು ಸುಮಾರು 4 ಗ್ರಾಂ. ಒಂದು ಕಪ್ ಬೇಯಿಸಿದ ಕಡಲೆಕಾಳಿನಲ್ಲಿ 14, ಒಂದು ಕಪ್ ಮೊಸರಿನಲ್ಲಿ 8. ಹೀಗಿರುವಾಗ ಹೊಸ ಆಹಾರವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅನ್ನ ಅರ್ಧ ಮಾಡಿ, ಪಲ್ಯ ಎರಡರಷ್ಟು ಮಾಡಿ, ಸಾರಿನ ಬದಲು ಗಟ್ಟಿಯಾದ ಹುಳಿ, ಮೊಳಕೆಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ ಬಡಿಸಿಕೊಂಡರೆ ಸಾಕು. ನಮ್ಮ ಅಜ್ಜಿಯರು ಹಬ್ಬದ ಎಲೆಯಲ್ಲಿ ಕೋಸಂಬರಿಗೆ ಜಾಗ ಇಟ್ಟದ್ದು ಬರಿಯ ಅಲಂಕಾರಕ್ಕಲ್ಲ. ಶುದ್ಧ ಸಸ್ಯಾಹಾರಿಗಳು ಬಿ12 ಮತ್ತು ಡಿ ವಿಟಮಿನ್ ಬಗ್ಗೆ ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಉಳಿದಷ್ಟನ್ನು ನಿಂತುಕೊಂಡೇ ತಿನ್ನುವ ತಾಯಂದಿರ ತಟ್ಟೆಯಲ್ಲೂ ಇವೆಲ್ಲ ಇರಬೇಕು. ಅನ್ನಪೂರ್ಣೆಯೇ ಹಸಿದಿರುವ ಮನೆಯಲ್ಲಿ ಯಾರಿಗೆ ತಾನೇ ಕ್ಷೇಮ?

ಉಪವಾಸ ಎಂದರೆ ಭಗವಂತನ ಹತ್ತಿರ ವಾಸಿಸುವುದು. ಏಕಾದಶಿಯ ದಿನ ಅನ್ನ ಬಿಟ್ಟು ಸಬ್ಬಕ್ಕಿ, ಕರಿದ ಆಲೂಗಡ್ಡೆ, ಸಿಹಿಯನ್ನು ಹೊಟ್ಟೆ ತುಂಬ ತಿಂದರೆ ಹತ್ತಿರವಾಗುವುದು ಭಗವಂತನಲ್ಲ, ಸಕ್ಕರೆ ಕಾಯಿಲೆ. ಇನ್ನು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಮಾಡಲೇಬಾರದು. ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಗಳಿಗೆ, ವೃದ್ಧರಿಗೆ, ಮಕ್ಕಳಿಗೆ ವ್ರತದ ನಿಯಮಗಳಲ್ಲಿ ವಿನಾಯಿತಿ ಉಂಟು. ಅದನ್ನು ಬಳಸಿಕೊಂಡರೆ ದೇವರು ಮುನಿಯುವುದಿಲ್ಲ.

ವ್ಯಾಯಾಮ

ಊರಿನಲ್ಲಿ ನಮ್ಮ ತಾತಂದಿರು ವ್ಯಾಯಾಮ ಎಂಬ ಹೆಸರಿಲ್ಲದೆಯೇ ವ್ಯಾಯಾಮ ಮಾಡುತ್ತಿದ್ದರು. ಬಾವಿಯಿಂದ ನೀರು ಸೇದುವುದು, ಗದ್ದೆಗೆ ನಡೆಯುವುದು, ನೆಲದ ಮೇಲೆ ಕುಳಿತು ಏಳುವುದು ಅವರ ನಿತ್ಯಕರ್ಮವಾಗಿತ್ತು. ನಾವೋ ಗ್ಯಾರೇಜಿನಿಂದ ಆಫೀಸಿಗೆ, ಆಫೀಸಿನಿಂದ ಗ್ಯಾರೇಜಿಗೆ. ಮಕ್ಕಳನ್ನು ಸಾಕರ್, ಈಜು, ಭರತನಾಟ್ಯಕ್ಕೆ ಬಿಟ್ಟು ಅವರು ಮುಗಿಸುವ ತನಕ ಕಾರಿನಲ್ಲೇ ಕುಳಿತು ಫೋನ್ ನೋಡುತ್ತೇವೆ. ಆ ಮುಕ್ಕಾಲು ಗಂಟೆ ಮೈದಾನದ ಸುತ್ತ ನಡೆದರೆ ಅದೇ ಒಂದು ಪ್ರದಕ್ಷಿಣೆ.

ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಆರೋಗ್ಯ ಶಾಸ್ತ್ರ ವಯಸ್ಕರಿಂದ ಕೇಳುವುದು ಇಷ್ಟೇ. ಎರಡನೆಯದನ್ನು ನಮ್ಮಲ್ಲಿ ಬಹಳ ಮಂದಿ, ಅದರಲ್ಲೂ ಹೆಂಗಸರು, ಬಿಟ್ಟುಬಿಡುತ್ತಾರೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಊಟದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯಿಟ್ಟು ದಂಡೆ ಹೊಡೆಯುವುದು, ಮೆಟ್ಟಿಲು ಹತ್ತುವುದು, ಇವುಗಳಿಗೆ ಜಿಮ್ ಬೇಕಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ಊರಿನಿಂದ ಬಂದ ತಂದೆ ತಾಯಿಯರನ್ನು ಚಳಿಗಾಲದಲ್ಲಿ ಮನೆಯೊಳಗೆ ಕೂರಿಸಿಡದೆ ಹತ್ತಿರದ ಮಾಲ್‌ಗೆ ಕರೆದುಕೊಂಡು ಹೋಗಿ ನಡೆಸೋಣ. ಹಿಮದ ಮೇಲೆ ಜಾರಿ ಬೀಳುವ ಭಯವೂ ಇರುವುದಿಲ್ಲ.

ರಥಸಪ್ತಮಿಗೆ 108 ಸೂರ್ಯನಮಸ್ಕಾರ ಹಾಕುವ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ವರ್ಷವಿಡೀ ಕುಳಿತಿದ್ದು ಒಂದೇ ದಿನ 108 ಹಾಕಿ ಮರುದಿನ ಸೊಂಟ ಹಿಡಿದುಕೊಳ್ಳುವುದಕ್ಕಿಂತ, ದಿನವೂ ಆರೋ ಹನ್ನೆರಡೋ ಹಾಕುವವನನ್ನು ಸೂರ್ಯನಾರಾಯಣ ಹೆಚ್ಚು ಮೆಚ್ಚುತ್ತಾನೆ.

ವಿಶ್ರಾಂತಿ

ಈ ಮೂರನೆಯ ಮಾತಿಗಾಗಿ ಮಹಾಭಾರತದ ದ್ರೋಣಪರ್ವಕ್ಕೆ ಹೋಗೋಣ. ಅಭಿಮನ್ಯು ಮಡಿದ ಮರುದಿನ. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುತ್ತೇನೆಂದು ಅರ್ಜುನ ಪ್ರತಿಜ್ಞೆ ಮಾಡಿದ್ದಾನೆ. ಹೊತ್ತು ಇಳಿಯುತ್ತಿದೆ, ಶತ್ರುಸೇನೆ ಸುತ್ತುವರಿದಿದೆ, ಜಯದ್ರಥ ಇನ್ನೂ ದೂರದಲ್ಲಿದ್ದಾನೆ. ಅಂಥ ಗಳಿಗೆಯಲ್ಲಿ, ಬಾಣ ತಗುಲಿ ದಣಿದ ಕುದುರೆಗಳನ್ನು ಬಿಚ್ಚಿ ವಿಶ್ರಾಂತಿ ಕೊಡೋಣ ಎಂದು ಅರ್ಜುನ ಹೇಳುತ್ತಾನೆ, ಕೃಷ್ಣ ಒಪ್ಪುತ್ತಾನೆ. ಅರ್ಜುನ ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತಾನೆ, ಅಸ್ತ್ರದಿಂದ ನೆಲ ಸೀಳಿ ನೀರು ತರಿಸುತ್ತಾನೆ. ಜಗದೊಡೆಯನಾದ ಕೃಷ್ಣ ತನ್ನ ಕೈಯಿಂದಲೇ ಕುದುರೆಗಳ ಮೈಯಲ್ಲಿ ನಾಟಿದ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ, ಮತ್ತೆ ರಥಕ್ಕೆ ಹೂಡುತ್ತಾನೆ. ಅಂದು ಸೂರ್ಯಾಸ್ತಕ್ಕೆ ಪ್ರತಿಜ್ಞೆ ನೆರವೇರಿತು.

ಆ ದಿನಕ್ಕಿಂತ ನಮ್ಮ ಡೆಡ್‌ಲೈನ್ ದೊಡ್ಡದೇ? ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ತಂಡದ ಜೊತೆ ಮೀಟಿಂಗ್, ಬೆಳಿಗ್ಗೆ ಆರಕ್ಕೆ ಮಕ್ಕಳ ಬಸ್ಸು. ನಡುವೆ ಐದು ಗಂಟೆಯ ನಿದ್ದೆಯನ್ನು ಶ್ರಮದ ಗುರುತು ಎಂದು ಹೆಮ್ಮೆಪಡುತ್ತೇವೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಇನ್ಸುಲಿನ್ನಿನ ಕೆಲಸ ಕುಂದುತ್ತದೆ. ವ್ಯಾಯಾಮದಲ್ಲಿ ದಣಿದ ಸ್ನಾಯು ರಿಪೇರಿಯಾಗಿ ಬಲಗೊಳ್ಳುವುದೂ ವಿಶ್ರಾಂತಿಯಲ್ಲೇ. ಅದಕ್ಕೇ ಭಾರವಾದ ಕಸರತ್ತುಗಳ ನಡುವೆ ಒಂದು ದಿನ ಬಿಡುವು ಕೊಡಬೇಕು. ನಿದ್ದೆಯನ್ನು ಗೆದ್ದವನೆಂದು ಗುಡಾಕೇಶ ಎಂಬ ಹೆಸರು ಪಡೆದ ಅರ್ಜುನನಿಗೇ, ಅತಿಯಾಗಿ ಎಚ್ಚರವಿರುವವನಿಗೆ ಯೋಗವಿಲ್ಲ ಎಂದು ಕೃಷ್ಣ ಹೇಳಿದ್ದನ್ನು ಮರೆಯಬಾರದು.

ಒಂದು ಎಚ್ಚರಿಕೆಯ ಮಾತು. ಬಹಳ ದಿನಗಳ ಮೇಲೆ ವ್ಯಾಯಾಮ ಶುರುಮಾಡುವವರು, ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆಯಿರಿ. ಎದೆ ಹಿಡಿದಂತಾಗಿ, ಬೆವರಿ, ಉಸಿರು ಕಟ್ಟಿದರೆ ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಬೇಡಿ, ತಾವೇ ಕಾರು ಓಡಿಸಿಕೊಂಡೂ ಹೋಗಬೇಡಿ. ಕೂಡಲೇ 911ಕ್ಕೆ ಕರೆ ಮಾಡಿ.

ಬಂಧುಗಳೇ, ಮುಂದಿನ ಸಂಚಿಕೆ ಬರಲು ಮೂರು ತಿಂಗಳಿದೆ. ಅಲ್ಲಿಯವರೆಗೆ ಪ್ರತಿ ಮನೆಯವರೂ ದೇವರ ಮುಂದೆ ದೀಪ ಹಚ್ಚಿ ಮೂರು ಸಣ್ಣ ಸಂಕಲ್ಪ ಮಾಡೋಣ: ತಟ್ಟೆಯಲ್ಲಿ ಅನ್ನಕ್ಕಿಂತ ಪಲ್ಯ ಕಾಳು ಹೆಚ್ಚು, ದಿನಕ್ಕೆ ಅರ್ಧ ಗಂಟೆ ನಡಿಗೆ, ರಾತ್ರಿ ಏಳು ಗಂಟೆ ನಿದ್ದೆ. ಪಾರ್ಥಸಾರಥಿಯೇ ಆರೈಕೆ ಮಾಡಿದ ಕುದುರೆಗಳನ್ನು ನೆನೆದು, ಅವನು ನಮಗೆ ಕೊಟ್ಟ ಈ ರಥವನ್ನು ಜೋಪಾನ ಮಾಡೋಣ. ಸಕಲರಿಗೂ ಭಗವಂತನು ಆಯುರಾರೋಗ್ಯವನ್ನು ಕರುಣಿಸಲಿ ಎಂದು ಪ್ರಾರ್ಥಿಸುತ್ತೇವೆ.