ಮುಂದಿನ ಒಡೆಯನ ಕಾರು

ಸೂಪರ್‌ಕಾರು ಹಳೆಯದಾದರೆ ಬೆಲೆ ಇಳಿಯಬಹುದು, ರಿಪೇರಿ ಖರ್ಚು ಇಳಿಯುವುದಿಲ್ಲ. ನನ್ನ ಫೆರಾರಿ 355ರ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಓಡಿಸದೆ ನಿಲ್ಲಿಸಿಟ್ಟರೂ ಬೆಲ್ಟಿಗೆ ವಯಸ್ಸಾಗುತ್ತದೆ. ಇರಲಿ, ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 8500 ಸುತ್ತಿನ ಹತ್ತಿರ ಹೋದಾಗ ಏಳುವ ದನಿಗೆ ಬಿಲ್ಲು ಮರೆತುಹೋಗುತ್ತದೆ.

ನನ್ನನ್ನು ಕಾಡುವುದು ಕಿಲೋಮೀಟರಿನ ಲೆಕ್ಕ. ಓಡಿಸಿದಷ್ಟೂ ಮಾರುವ ಬೆಲೆ ಕಡಿಮೆಯಾಗುತ್ತದೆ ಎಂದು ಬಲ್ಲವರು ಎಚ್ಚರಿಸುತ್ತಾರೆ. ಹಾಗಾದರೆ ಓಡಿಸದೆ ನಾನು ಕಾಪಾಡುತ್ತಿರುವುದು ಯಾರ ಸುಖವನ್ನು? ಮುಖವನ್ನೇ ಕಾಣದ ಮುಂದಿನ ಒಡೆಯನದನ್ನು. ಅವನೂ ತನ್ನ ಮುಂದಿನವನಿಗಾಗಿ ಹೊದಿಕೆ ಹೊದಿಸಿಟ್ಟರೆ? ದುಡ್ಡು ಕೊಟ್ಟು ಕಾವಲುಗಾರನಾಗುವುದು ಒಡೆತನವೇ? ಹಾಗೆಂದು ಮನಬಂದಂತೆ ಸವೆಸುವ ಹಕ್ಕು ನನಗಿದೆ ಎನ್ನಲೂ ಆರೆ; 1999ರ ನಂತರ ಇದು ತಯಾರಾಗಿಲ್ಲ, ಇರುವಷ್ಟೇ ಇವೆ. ಆದರೂ ಈ ಭಾನುವಾರ ಹೊದಿಕೆ ತೆಗೆದು ಎಂಬತ್ತು ಕಿಲೋಮೀಟರು ಓಡಿಸಿದೆ.