ಬೀಜದ ಅಭಿಮಾನ

ಸಿಹಿದ್ರಾಕ್ಷೆಯ ಬೀಜವನ್ನು ಹಿತ್ತಲಿನಲ್ಲಿ ಬಿತ್ತಿದ ಗೃಹಸ್ಥನು ಅದೇ ಸಿಹಿಯನ್ನು ನಿರೀಕ್ಷಿಸುವುದು ಸಹಜ. ಬೀಜವನ್ನು ಸುಮಾರು 3 ತಿಂಗಳು ತೇವದಲ್ಲಿ, ತಂಪಿನಲ್ಲಿ ಇರಿಸಿದರೆ ಚೆನ್ನಾಗಿ ಮೊಳೆಯುತ್ತದೆ. ಫಲ ಕಾಣಲು 3 ವರ್ಷವೋ, ಇನ್ನೂ ಹೆಚ್ಚೋ ಬೇಕು. ಇಷ್ಟು ಕಾದರೂ ಹಣ್ಣು ಹುಳಿಯಾಗಬಹುದು. ದ್ರಾಕ್ಷೆಯ ಬೀಜವು ತಾಯಿಬಳ್ಳಿಯ ಗುಣವನ್ನು ಇದ್ದಂತೆಯೇ ತರುವುದಿಲ್ಲ. ಆದುದರಿಂದಲೇ ವಿಜಯಪುರ ಸೀಮೆಯ ಬೆಳೆಗಾರರು ಬೀಜವನ್ನು ನಂಬದೆ, ಡಾಗ್ರಿಡ್ಜ್ ಎಂಬ ಒರಟು ಬೇರುಗಿಡಕ್ಕೆ ಒಳ್ಳೆಯ ಬಳ್ಳಿಯ ಕಡ್ಡಿಯನ್ನು ಕಸಿಕಟ್ಟುವರು. ಬೇರು ಯಾವುದಾದರೇನು? ಹಣ್ಣು ಕಡ್ಡಿಯ ಗುಣದ್ದೇ.

ಹಾಗಾದರೆ ಭಕ್ತನ ಮಗನು ಹುಟ್ಟಿದ ಮಾತ್ರಕ್ಕೆ ಭಕ್ತನೆನಿಸುವನೆ? ಮನೆತನದ ಹೆಸರಿದ್ದು, ನಡೆಯಲ್ಲಿ ಕಾಯಕ ದಾಸೋಹಗಳಿಲ್ಲದಿದ್ದರೆ ಅದು ಬೀಜದ ಅಭಿಮಾನವೇ ಹೊರತು ಫಲವಲ್ಲ. ಸಮಗಾರ ಹರಳಯ್ಯನ ಕುಲವನ್ನು ಶರಣರು ಎಣಿಸಲಿಲ್ಲ; ಅವನಲ್ಲಿ ಫಲಿಸಿದ ಭಕ್ತಿಯನ್ನು ಕಂಡರು. ಜನ್ಮವು ಬೇರು, ಗುರುದೀಕ್ಷೆಯು ಕಸಿ.

ಕಸಿಕಟ್ಟಿದೊಡನೆ ಕೆಲಸ ಮುಗಿಯದು. ಕೆಳಗಿನ ಬೇರಿನಿಂದ ಏಳುವ ಚಿಗುರನ್ನು ಆಗಾಗ ಚಿವುಟದಿದ್ದರೆ ಅದೇ ಹಬ್ಬಿ ಒಳ್ಳೆಯ ಬಳ್ಳಿಯನ್ನು ಅಡಗಿಸುತ್ತದೆ. ‘ನಾನು ಇಂಥ ಕುಲದವನು’ ಎಂಬುದು ಅಂಥ ಚಿಗುರು. ಲಿಂಗವನ್ನು ಧರಿಸಿದವರು ದಿನವೂ ಅದನ್ನು ಚಿವುಟುತ್ತಿರಬೇಕು. ಮಕ್ಕಳಿಗೆ ಆಸ್ತಿಯೊಡನೆ ಆಚಾರವೂ ತಾನಾಗಿ ಬರುವುದೆಂದು ಯಾರೂ ನೆಚ್ಚದಿರಲಿ.